ಮುದಗೇರಿಯ ಒಡಪಿನ ಕಟ್ಟೆ

ಮುದಗೇರಿಯ ಪೇಟೆ ದಾಟಿ ಬಲಕ್ಕೆ ಹೊರಳಿದರೆ ಸಿಹಿನೀರಿನ ಹೊಂಡ ಸಿಗುತ್ತದೆ. ಅದಕ್ಕೆ ನಲವತ್ತೆರಡು ಮೆಟ್ಟಿಲು. ಹತ್ತಿ ಮೇಲೆ ಬಂದಲ್ಲಿ, ಬೇವಿನ ಮರದ ಬುಡದಲ್ಲಿ, ಸೊಂಟದೆತ್ತರದ ಒಂದು ಕಲ್ಲುಕಟ್ಟೆ ಇದೆ. ಪುರಸಭೆಯವರು ಅದರ ಪಕ್ಕದಲ್ಲಿ ತಗಡಿನ ಫಲಕ ನಿಲ್ಲಿಸಿ 'ಪ್ರಾಚೀನ ವಿಶ್ರಾಂತಿ ಪೀಠ' ಎಂದು ಬರೆಸಿದ್ದಾರೆ. ಯಾವ ಪುಣ್ಯಾತ್ಮನ ತಲೆಯಲ್ಲಿ ಹೊಳೆಯಿತೋ ಕಾಣೆ! ಊರಲ್ಲಿ ಯಾರನ್ನಾದರೂ ಕೇಳಿ, ಅದು ಒಡಪಿನ ಕಟ್ಟೆ. ಒಡಪು ಎಂದರೇನೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಪರವೂರಿನವರಿಗಾಗಿ ಹೇಳುತ್ತೇನೆ. ಹೆಂಡತಿಯಾದವಳು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮದುವೆಯಲ್ಲೋ ಬಸುರಿಯ ಕುಬಸದಲ್ಲೋ ಹಿರಿಯರು ಅಡ್ಡಗಟ್ಟಿ ಕಾಡಿದಾಗ ಮಾತ್ರ ಪ್ರಾಸ ಕಟ್ಟಿದ ಎರಡು ಸಾಲಿನೊಳಗೆ ಆ ಹೆಸರನ್ನು ಹುದುಗಿಸಿ ಹೇಳುತ್ತಾಳೆ. ಆ ಪದ್ಯವೇ ಒಡಪು. ಗಂಡನೂ ಹೆಂಡತಿಯ ಹೆಸರಿಗೆ ಹಾಗೆಯೇ ಹೇಳಬೇಕು. ಆದರೆ ಗಂಡಸರು ಜಾರಿಕೊಳ್ಳುವುದೇ ಹೆಚ್ಚು.

ಹಿಂದೆ ಒಮ್ಮೆ, ಬ್ರಿಟಿಷರ ಕಾಲದಲ್ಲಿ, ಮುದಗೇರಿಗೆ ಮುನ್ಸಿಪಾಲ್ಟಿ ಹೊಸದಾಗಿ ಬಂದಿತ್ತು. ಹೊಂಡದ ಓಣಿಗೆ ಒಂದು ಮೆಂಬರ ಜಾಗ, ಅದಕ್ಕೆ ಇಬ್ಬರು ಉಮೇದುವಾರರು. ಒಬ್ಬ ಹತ್ತಿ ವ್ಯಾಪಾರಿ ಮಲಕಾಜಪ್ಪ, ಇನ್ನೊಬ್ಬ ಮನೆಮನೆಗೆ ಹೋಗಿ ಗಾದಿಯ ಹತ್ತಿ ಹಿಂಜಿಕೊಡುತ್ತಿದ್ದ ನದಾಫರ ಹುಸೇನಸಾಬ. ಜಗಳವೆಲ್ಲ ಹೊಂಡದ್ದೇ. ಹೊರಗಿನ ಸಾಹುಕಾರನೊಬ್ಬ ಹತ್ತಿಯ ಬೀಜ ಬಿಡಿಸುವ ಜಿನ್ನು ಗಿರಣಿ ಹಾಕಲು ಮುಂದೆ ಬಂದಿದ್ದ. ಅದರ ಉಗಿಯಂತ್ರಕ್ಕೆ ಈ ಹೊಂಡದ ನೀರು ಪೂರಾ ಬೇಕಾಗಿತ್ತು. ಕೊಟ್ಟರೆ ಊರು ಉದ್ಧಾರವಾಗುತ್ತದೆ, ನಾಲ್ಕು ಜನರಿಗೆ ಕೆಲಸ ಸಿಗುತ್ತದೆ ಎಂದು ಮಲಕಾಜಪ್ಪ ಮನಸ್ಸಾರೆ ನಂಬಿದ್ದ. ಅವನನ್ನು ಕೆಟ್ಟವನೆಂದು ಯಾರೂ ಹೇಳುವುದಿಲ್ಲ, ನಾನೂ ಹೇಳಲಾರೆ. ಊರಿನ ಉಳಿದ ಬಾವಿಗಳೆಲ್ಲ ಸವುಳು ನೀರಿನವು, ಹೊಂಡ ಹೋದರೆ ಕುಡಿಯುವುದೇನನ್ನು ಎಂದು ಕೇಳುತ್ತಿದ್ದವನು ಹುಸೇನಸಾಬ. ಓಟು ಇದ್ದದ್ದು ಮನೆಪಟ್ಟಿ ಎಂಬ ಮನೆಯ ತೆರಿಗೆ ಕಟ್ಟುವವರಿಗೆ, ಅಂದರೆ ಗಂಡಸರಿಗೆ. ಹುಟ್ಟಿದಾರಭ್ಯ ಒಂದು ಕೊಡ ನೀರು ಹೊತ್ತವರಲ್ಲ ಆ ಮಹಾಶಯರು!

ಮಲಕಾಜಪ್ಪನ ಹೆಂಡತಿ ನೀಲಗಂಗವ್ವ. ಮದುವೆಯಾಗಿ ಇಪ್ಪತ್ತು ವರ್ಷ ಆ ನಲವತ್ತೆರಡು ಮೆಟ್ಟಿಲು ಹತ್ತಿ ಇಳಿದವಳು. ಒಂದು ವರ್ಷ ಹೂಳು ತೆಗೆಯಲೆಂದು ಹೊಂಡವನ್ನು ತಿಂಗಳಗಟ್ಟಲೆ ಮುಚ್ಚಿದ್ದರಂತೆ. ಓಣಿಯೆಲ್ಲ ಸವುಳುಬಾವಿಯ ನೀರು ಕುಡಿಯಿತು, ಮಕ್ಕಳಿಗೆ ವಾಂತಿಭೇದಿ ಹತ್ತಿತು, ಅವಳ ಎರಡನೆಯ ಕೂಸು ಹೋಯಿತು. ಮಲಕಾಜಪ್ಪನೂ ಗೋಡೆಗೆ ಮುಖ ಮಾಡಿ ಅತ್ತಿದ್ದ. ಆದರೆ ನೀರು ಅವನ ಕೈಗೆ ಬರುತ್ತಿದ್ದದ್ದು ತಂಬಿಗೆಯಲ್ಲಿ. ಅದು ಯಾವ ಬಾವಿಯದೆಂದು ಅವನು ಅಂದೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಚುನಾವಣೆಯ ಮಾತು ಎದ್ದಾಗ ಅವಳು ಮೂರು ಸಲ ಊಟಕ್ಕೆ ಬಡಿಸುತ್ತ, "ಹೊಂಡಾ ಕೊಡಬ್ಯಾಡ್ರೀ" ಎಂದಳು. ಮೂರು ಸಲವೂ ಅವನು, "ನಿನಗ ಇದೆಲ್ಲ ತಿಳಿಯೂದಿಲ್ಲ, ರೊಟ್ಟಿ ನೀಡು" ಎಂದ.

ಓಟಿನ ದಿನ ತಾಲೂಕಿನ ಮಾಮಲೇದಾರರು ಇದೇ ಬೇವಿನ ಕೆಳಗೆ ಮೇಜು ಹಾಕಿಸಿ ಕೂತರು. ಆಗ ಚೀಟಿಯೂ ಇಲ್ಲ, ಪೆಟ್ಟಿಗೆಯೂ ಇಲ್ಲ. ಮೇಜಿನ ಮುಂದೆ ಒಂದು ಚಪ್ಪಡಿಗಲ್ಲು ಇತ್ತು. ಅದರ ಮೇಲೆ ನಿಂತು ತನ್ನ ಉಮೇದುವಾರನ ಹೆಸರನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು, ಕಾರಕೂನ ಬರೆದುಕೊಳ್ಳಬೇಕು. ಗುಟ್ಟೆಂಬುದೇ ಇರಲಿಲ್ಲ. ನೆರೆದವರೆಲ್ಲ ಬೆರಳು ಮಡಚಿ ಎಣಿಸುತ್ತಿದ್ದರಂತೆ. ಇಳಿಹೊತ್ತಾಗುವಷ್ಟರಲ್ಲಿ ಮಲಕಾಜಪ್ಪನಿಗೆ ಮೂವತ್ತೊಂದು, ಹುಸೇನಸಾಬನಿಗೆ ಮೂವತ್ತೊಂದು. ಓಟಿನ ಯಾದಿಯಲ್ಲಿ ಉಳಿದದ್ದು ಒಂದೇ ಹೆಸರು, ನೀಲಗಂಗವ್ವನದು. ಹೊಂಡದ ಪಕ್ಕದ ತವರುಮನೆ ತಾಯಿಯಿಂದ ಅವಳಿಗೆ ಬಂದಿತ್ತು. ಮನೆಪಟ್ಟಿ ಅವಳ ಹೆಸರಿನಲ್ಲಿ. ಯಾದಿ ನಕಲು ಮಾಡಿದ ಕಾರಕೂನ ಗಂಡೋ ಹೆಣ್ಣೋ ನೋಡದೆ ಬರೆದುಬಿಟ್ಟಿದ್ದ. ಹುಸೇನಸಾಬನ ಕಡೆಯವರು ಹೌಹಾರಿದರು. ಹೆಣ್ಣುಮಗಳು ಓಟು ಹಾಕುವುದುಂಟೇ ಎಂದು ಗದ್ದಲ ಎಬ್ಬಿಸಿದರು. ಆಗ ಎದೆ ಮುಂದೆ ಮಾಡಿ ವಾದಕ್ಕೆ ನಿಂತವನು ಯಾರೆಂದುಕೊಂಡಿರಿ? ಮಲಕಾಜಪ್ಪನೇ! ಪಟ್ಟಿ ಕಟ್ಟಿದವರಿಗೆ ಓಟು ಎಂದಿದೆ, ಕಟ್ಟಿದವರು ಸೀರೆ ಉಟ್ಟಿದ್ದಾರೋ ಧೋತರ ಉಟ್ಟಿದ್ದಾರೋ ಎಂದು ಕಾಯಿದೆಯಲ್ಲಿ ಎಲ್ಲಿ ಬರೆದಿದೆ ತೋರಿಸಿರಿ ಎಂದು ಗಂಟಲು ಹರಿಯುವಂತೆ ಕೂಗಿದನಂತೆ. ಮಾಮಲೇದಾರರು ಕಾಯಿದೆಯ ಪುಸ್ತಕ ತಿರುವಿ ತಿರುವಿ ಸೋತು, "ಕರೀರಿ ಆಕಿನ್ನ" ಎಂದರು.

ನೀಲಗಂಗವ್ವ ಸೆರಗು ಹೊದ್ದು ಬಂದು ಕಲ್ಲಿನ ಮೇಲೆ ನಿಂತಳು. ಹೆಸರು ಹೇಳೆಂದರೆ ಹೇಳಲೊಲ್ಲಳು. ಜನಕ್ಕೆ ಅರ್ಥವಾಗಿಹೋಯಿತು: ಗಂಡನ ಹೆಸರು, ಪಾಪ, ಹೇಗೆ ಹೇಳಿಯಾಳು? ನಗೆಯೋ ನಗೆ. ಮಾಮಲೇದಾರರೂ ಈ ಸೀಮೆಯವರೇ. "ಒಡಪು ಹಾಕಿ ಹೇಳವ್ವ ತಂಗಿ, ನಡೀತದ" ಎಂದು ದಾರಿ ತೋರಿಸಿದರು. ಅವಳು ತುಸು ಹೊತ್ತು ಹೊಂಡದ ಕಡೆ ನೋಡಿದಳು. ಸಂಜೆ ಅವಳು ಹೋಗಬೇಕಾದದ್ದು ಅದೇ ಗಂಡನ ಮನೆಗೆ. ಆದರೂ ಎಲ್ಲರಿಗೂ ಕೇಳುವಂತೆ ಹೇಳಿದಳು:

"ಹೊಂಡದ ಮೆಟ್ಟಿಲ ಹತ್ತಿ ಇಳಿದೇನ ಇಪ್ಪತ್ತ ವರುಷ,
ಮಲಕಾಜಪ್ಪನವರ ಮಡದಿ ನಾ, ಅದೇ ನನ್ನ ಹರುಷ"

ಎಂದದ್ದೇ ತಡ, ಹೋ ಎಂದು ರುಮಾಲುಗಳು ಮೇಲೆ ಹಾರಿದವು. ಮಲಕಾಜಪ್ಪನನ್ನು ಯಾರೋ ಹೆಗಲ ಮೇಲೆ ಎತ್ತಿಯೂ ಆಯಿತು. ಕಾರಕೂನ ಲೇಖನಿ ಅದ್ದಿದ. ನೀಲಗಂಗವ್ವ ಕೈ ಅಡ್ಡ ಹಿಡಿದು, "ತಡೀರಿ ಸಾಹೇಬರ, ಒಡಪು ಇನ್ನಾ ಮುಗದಿಲ್ಲ" ಎಂದಳು.

"ಈ ನೀರಿನ ಮ್ಯಾಲ ನಿಂತೈತಿ ನಮ್ಮ ಮಕ್ಕಳ ಊಟ ಆಟ,
ಹೊಂಡ ಉಳಸೂ ಹುಸೇನಣ್ಣಗ ಹಾಕೇನಿ ನನ್ನ ಓಟ."

ಹೆಗಲ ಮೇಲಿದ್ದ ಮಲಕಾಜಪ್ಪನನ್ನು ಇಳಿಸುವುದು ಕೂಡ ಯಾರಿಗೂ ನೆನಪಾಗಲಿಲ್ಲವಂತೆ. ಗೆದ್ದ ಹುಸೇನಸಾಬ ಸಂತೋಷಪಡುವ ಬದಲು ತಲೆಗೆ ಕೈಹೊತ್ತು, "ತಂಗೀ, ನಿನ್ನ ಸಂಸಾರ ಏನಾಗಬೇಕವ್ವಾ" ಎಂದ. ಅವನ ಭಯ ಸುಳ್ಳಾಗಿರಲಿಲ್ಲ. ಆ ಸಂಜೆಯಿಂದ ಮಲಕಾಜಪ್ಪ ಮನೆಯಲ್ಲಿ ಬಾಯಿ ಬಿಡಲಿಲ್ಲ. ಬೈಯಲಿಲ್ಲ, ಹೊಡೆಯಲಿಲ್ಲ, ಉಂಡ ತಾಟನ್ನು ದೂರ ಸರಿಸಿ ಎದ್ದುಹೋಗುತ್ತಿದ್ದ. ಆಕೆಯನ್ನು ಬಿಟ್ಟೇ ಬಿಡುತ್ತಾನೆಂದು ಓಣಿ ಮಾತಾಡಿಕೊಂಡಿತು. ಅವಳೂ ಹಾಗೆಯೇ ತಿಳಿದು, ತವರುಮನೆಯ ಬೀಗ ತೆಗೆದು ಕಸ ಗುಡಿಸಿ ಬಂದಳು. ಎಂಟು ದಿನ ಹೀಗೆ ಕಳೆಯಿತು. ಒಂಬತ್ತನೆಯ ದಿನ ಮುಂಜಾನೆ ಅವಳು ಏಳುವಷ್ಟರಲ್ಲಿ ಕೊಡ ಜಾಗದಲ್ಲಿರಲಿಲ್ಲ.

ಕೊಡ ಮಲಕಾಜಪ್ಪನ ಹೆಗಲ ಮೇಲಿತ್ತು. ನೀರಿಗೆ ಬಂದ ಹೆಂಗಸರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನೋಡುತ್ತ ನಿಂತರು. ಅರ್ಧ ದಾರಿಯಲ್ಲಿ ಒಮ್ಮೆ ಜಾರಿದ, ಮೈಯೆಲ್ಲ ತೊಯ್ಸಿಕೊಂಡ, ಮತ್ತೆ ಇಳಿದು ತುಂಬಿಕೊಂಡ. ಮೇಲೆ ಬಂದು ಏದುಸಿರು ಬಿಡುತ್ತ ಕೊಡ ಇಳಿಸಲು ಜಾಗ ಹುಡುಕಿದ, ಇರಲಿಲ್ಲ. ನೆಲಕ್ಕೆ ಇಳಿಸಿದರೆ ಮತ್ತೆ ಎತ್ತಲು ಇನ್ನೊಬ್ಬರು ಬೇಕು. ಅಲ್ಲಿದ್ದ ಮುದುಕಿಯೊಬ್ಬಳಿಗೆ, "ನೀವೆಲ್ಲ ಎಲ್ಲಿ ಇಳಸ್ತೀರಬೇ?" ಎಂದು ಕೇಳಿದ. ಮುದುಕಿ, "ಮನ್ಯಾಗ ಇಳಸ್ತೀವೋ ಯಪ್ಪಾ" ಎಂದಳು. ಬಸುರಿಯರೂ ಹೀಗೆಯೇ ಹೊರುತ್ತಾರೆಯೇ ಎಂದು ಕೇಳಿದ. ಮುದುಕಿ ತನ್ನ ಖಾಲಿ ಕೊಡ ಎತ್ತಿಕೊಂಡು ಮೆಟ್ಟಿಲು ಇಳಿದಳಂತೆ.

ತಿಂಗಳೊಪ್ಪತ್ತಿನಲ್ಲಿ ಕಟ್ಟೆ ಎದ್ದಿತು. ಹೊತ್ತ ಕೊಡವನ್ನು ಬಗ್ಗದೆ ಇಳಿಸಿ ಬಗ್ಗದೆ ಎತ್ತಿಕೊಳ್ಳುವಷ್ಟೇ ಎತ್ತರ. ನೀಲಗಂಗವ್ವ ನಿಂತು ಓಟು ಹಾಕಿದ ಚಪ್ಪಡಿಯನ್ನೇ ಮಲಕಾಜಪ್ಪ ಮೇಲ್ಗಲ್ಲಾಗಿ ಕೂಡಿಸಿದ. ಮುನ್ಸಿಪಾಲ್ಟಿ ಮೆಂಬರ ಹುಸೇನಸಾಬ ತೆಂಗಿನಕಾಯಿ ಒಡೆದ ಮೇಲೆ, ಸೇರಿದ ಜನರೆದುರು ಮಲಕಾಜಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ಮದುವೆಯ ದಿನ ಹೆಂಡತಿಯ ಹೆಸರಿಗೆ ಒಡಪು ಹೇಳೆಂದು ಹೆಂಗಸರು ಅಡ್ಡಗಟ್ಟಿದಾಗ, ಆಮೇಲೆ ಹೇಳುತ್ತೇನೆಂದು ಜಾರಿಕೊಂಡಿದ್ದನಂತೆ ಇವನು. ಅಂದು ಬೆವರುತ್ತ, ತಡವರಿಸುತ್ತ ಹೇಳಿದ:

"ಇಪ್ಪತ್ತ ವರುಷ ನೀರ ಕುಡದೆ, ಕೊಡಾ ಹೊತ್ತವರ್ಯಾರು ಕೇಳಲಿಲ್ಲ,
ನೀಲಗಂಗಾ ಅನ್ನೂ ಹೆಸರ ಹಿಡದು ಒಂದ ದಿನಾ ಕರೀಲಿಲ್ಲ."

ಪ್ರಾಸ ಅವಳದರಷ್ಟು ಚೆಂದವಾಗಿಲ್ಲ, ನಿಜ. ನೀಲಗಂಗವ್ವ ಎಂಟು ದಿನದ ಮೌನಕ್ಕೂ ಅಳದವಳು, ಅಲ್ಲಿಯೇ ಕಟ್ಟೆ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅತ್ತಳು ಎನ್ನುತ್ತಾರೆ. ಅದನ್ನು ಹೇಳುವಾಗ ನಮ್ಮ ಅಜ್ಜಿಯ ಕಣ್ಣೂ ಒದ್ದೆಯಾಗುತ್ತಿತ್ತು.

ಕಟ್ಟೆಗೆ ಹೆಸರು ಬಂದದ್ದು ಅವಳ ಒಡಪಿನಿಂದ ಎಂದು ಗಂಡಸರು ಹೇಳುತ್ತಾರೆ, ಅವನ ಒಡಪಿನಿಂದ ಎಂದು ಹೆಂಗಸರು. ಈಗ ಮನೆಮನೆಗೆ ನಳ ಬಂದಿದೆ, ಕೊಡ ಹೊರುವವರಿಲ್ಲ. ಮೇಲ್ಗಲ್ಲಿನಲ್ಲಿ ಕೊಡಗಳು ಕೂತು ಕೂತು ಸವೆದ ಏಳು ಕುಳಿಗಳಿವೆ, ಬೆರಳಾಡಿಸಿ ನೋಡಿ. ಮದುವೆಯಾದ ಮರುದಿನ ಗಂಗಾಪೂಜೆಗೆ ಬರುವ ಜೋಡಿಗಳು ಇಲ್ಲಿ ನಿಲ್ಲಲೇಬೇಕು. ಬೇರೆಲ್ಲ ಕಡೆ ಮೊದಲು ಹೆಣ್ಣು ಒಡಪು ಹೇಳಿದರೆ ಇಲ್ಲಿ ಮೊದಲು ಗಂಡು ಹೇಳಬೇಕು. ಹೋದ ವೈಶಾಖದಲ್ಲಿ ಮದುಮಗನೊಬ್ಬ ನಾಚಿ, "ಆಮ್ಯಾಲೆ ಹೇಳತೀನಿ ಬಿಡ್ರಿ" ಎಂದ. ಗುಂಪಿನಲ್ಲಿದ್ದ ಮುದುಕಿಯೊಬ್ಬಳು ಗಂಗಾಪೂಜೆಗೆ ತಂದಿದ್ದ ಖಾಲಿ ಕೊಡವನ್ನು ಅವನ ಕೈಗೆ ಕೊಟ್ಟು, ಹೊಂಡದ ಮೆಟ್ಟಿಲು ತೋರಿಸಿದಳು.