ಕೋಟೆ ಹೊಸ್ತಿಲಲ್ಲಿ ವೈದ್ಯ

ಚೀನಾದ ದಕ್ಷಿಣ ತೀರದ ಒಂದು ಬಂದರು ನಗರಕ್ಕೆ ಸುತ್ತಲೂ ಎತ್ತರದ ಕೋಟೆ. ವಿದೇಶಿಯರು ಕೋಟೆಯ ಹೊರಗೆ, ನದಿಯ ದಡದಲ್ಲಿ ವ್ಯಾಪಾರ ಮಾಡಬಹುದಿತ್ತು. ಒಳಗೆ ಕಾಲಿಡುವಂತಿರಲಿಲ್ಲ. ಇಂಗ್ಲಿಷರ ಜೊತೆಗಿನ ಯುದ್ಧ ಮುಗಿದು ಒಪ್ಪಂದವಾದ ಮೇಲೆ ಅವರ ಪ್ರತಿನಿಧಿ, ಒಳಗೆ ಬರುವ ಹಕ್ಕು ನಮಗಿದೆ ಎಂದ. ನಗರದ ಅಧಿಕಾರಿಗಳು, ಹಾಗೆಂದು ಎಲ್ಲೂ ಬರೆದಿಲ್ಲ, ನಮ್ಮ ಜನ ಒಪ್ಪುವುದೂ ಇಲ್ಲ ಎಂದರು. ಪತ್ರಗಳು ಹೋದವು, ಪತ್ರಗಳು ಬಂದವು. ಹೀಗೇ ವರ್ಷಗಳು ಕಳೆದವು. ಕೊನೆಗೊಂದು ದಿನ ನದಿಯಲ್ಲಿ ಇಂಗ್ಲಿಷರ ಯುದ್ಧದ ಹಡಗು ಬಂದು ನಿಂತಿತು. ಕೋಟೆಯ ಬಾಗಿಲು ಮುಚ್ಚಿತು. ಯಾರೂ ಒಳಗೆ ಬರುವಂತಿಲ್ಲ, ಯಾರೂ ಹೊರಗೆ ಹೋಗುವಂತಿಲ್ಲ.

ಅದೇ ವಾರ ಕೋಟೆಯೊಳಗಿನ ನೇಕಾರ ಲಿಯಾಂಗನ ಆರು ವರ್ಷದ ಮಗಳು ಯೂಲಾನ್‌ಗೆ ಗಂಟಲಲ್ಲಿ ಬಾವು ಬಂದು ಕೀವು ಕಟ್ಟಿಕೊಂಡಿತು. ಮೂರು ದಿನದಿಂದ ಗಂಜಿಯೂ ಇಳಿದಿರಲಿಲ್ಲ. ಈಗ ಉಸಿರಾಡುವುದೇ ಕಷ್ಟವಾಗಿತ್ತು. ನದಿಯ ದಡದಲ್ಲಿ ಹಾರ್ವಿ ಎಂಬ ಇಂಗ್ಲಿಷ್ ವೈದ್ಯನಿದ್ದ. ದೋಣಿಗಳಲ್ಲೇ ಬದುಕುವ ಬಡವರಿಗೆ ಔಷಧ ಕೊಡುತ್ತಾ ಅವರ ಮಾತನ್ನೂ ಕಲಿತಿದ್ದ. ಅವನನ್ನು ಕರೆಸಿ ಎಂದು ಲಿಯಾಂಗ್ ಬಾಗಿಲು ಕಾಯುವ ಅಧಿಕಾರಿ ಗುವೊನ ಕಾಲು ಹಿಡಿದ. ಗುವೊಗೂ ಮಕ್ಕಳಿದ್ದರು. ಹೇಳಿಕಳಿಸಿದ.

ಸುದ್ದಿ ಇಂಗ್ಲಿಷ್ ಪ್ರತಿನಿಧಿಗೂ ಮುಟ್ಟಿತು. ಸಿಪಾಯಿಗಳನ್ನು ಕರೆದುಕೊಂಡು ಒಳಗೆ ಹೋಗಿ, ಒಮ್ಮೆ ಒಬ್ಬರು ಹೊಕ್ಕರೆ ಮುಂದೆ ಯಾರೂ ತಡೆಯಲಾರರು ಎಂದು ಅವನು ಹಾರ್ವಿಯನ್ನು ಒತ್ತಾಯಿಸಿದ. ಸಿಪಾಯಿಗಳು ಬಂದರೆ ಗುಂಡು ಹಾರುತ್ತದೆ, ಆ ಮಗು ಸಾಯುತ್ತದೆ ಎಂದು ಹೇಳಿ ಹಾರ್ವಿ ಒಬ್ಬನೇ ಹೊರಟ.

ಗುವೊ ಬಾಗಿಲನ್ನು ಒಂದಾಳು ನುಸುಳುವಷ್ಟೇ ತೆರೆದ.

"ವೈದ್ಯರೇ, ನಿಮ್ಮನ್ನು ಒಳಗೆ ಬಿಟ್ಟರೆ ನನ್ನ ತಲೆ ಉಳಿಯುವುದಿಲ್ಲ."

"ನಾನು ಒಳಗೆ ಬರುವುದಿಲ್ಲ," ಎಂದ ಹಾರ್ವಿ. "ಮಗುವನ್ನು ಹೊಸ್ತಿಲವರೆಗೆ ತನ್ನಿ, ಸಾಕು."

ಲಿಯಾಂಗ್ ಮಗಳನ್ನು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲ ಒಳಗೆ ಕುಳಿತ. ಹಾರ್ವಿ ಹೊರಗೆ ಮಂಡಿಯೂರಿದ. ಮಗುವಿನ ತಲೆ ಅಲುಗದಂತೆ ಗುವೊ ತಾನೇ ಹಿಡಿದುಕೊಂಡ. ಸಣ್ಣ ಚಾಕು ತಾಗಿದ ಕೂಡಲೇ ಬಾವು ಒಡೆಯಿತು. ಯೂಲಾನ್ ಕೆಮ್ಮಿದಳು, ಅತ್ತಳು, ಆಮೇಲೆ ಉದ್ದಕ್ಕೆ ಉಸಿರೆಳೆದು ನೀರು ಕೇಳಿದಳು. ಲಿಯಾಂಗ್ ಅವಳನ್ನು ಅಪ್ಪಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ಗುವೊ ಮುಖ ತಿರುಗಿಸಿ ಕಣ್ಣೊರೆಸಿಕೊಂಡ.

ಕೆಲವು ದಿನಗಳಲ್ಲಿ ಹಡಗು ಬಂದ ಹಾಗೆಯೇ ಹೋಯಿತು. ಜಗಳ ಮಾತ್ರ ಮುಗಿಯಲಿಲ್ಲ. ಆದರೆ ಎರಡು ತಿಂಗಳ ಮೇಲೆ ನೇಕಾರರ ಬೀದಿಯವರೆಲ್ಲ ಸೇರಿ, ಕಾಯಿಲೆ ಬಿದ್ದಾಗ ಆ ವೈದ್ಯನನ್ನು ಕರೆಸಿಕೊಳ್ಳಲು ಅಪ್ಪಣೆ ಕೊಡಿ ಎಂದು ಮೇಲಧಿಕಾರಿಗಳನ್ನು ಬೇಡಿಕೊಂಡರು. ತಮ್ಮ ಜನರೇ ಕೇಳಿದಾಗ ಅವರಿಗೆ ಇಲ್ಲವೆನ್ನಲಾಗಲಿಲ್ಲ. ಹಾರ್ವಿ ನೇಕಾರರು ಕಳಿಸಿದ ಪಲ್ಲಕ್ಕಿಯಲ್ಲಿ ಹೋಗಿ ಲಿಯಾಂಗನ ಮನೆಯಲ್ಲಿ ಚಹಾ ಕುಡಿದ. ಯೂಲಾನ್ ಪಕ್ಕದಲ್ಲೇ ಕುಳಿತು ಕಿತ್ತಳೆಯ ತೊಳೆಗಳನ್ನು ಒಂದೊಂದಾಗಿ ಬಿಡಿಸಿ ಅವನ ಕೈಗಿಟ್ಟಳು.

ಹಾರ್ವಿ ಹೊರಗೆ ಬಂದಾಗ ಪ್ರತಿನಿಧಿ ಬೆರಗಾಗಿ ಕೇಳಿದ:

"ಒಪ್ಪಂದದ ಯಾವ ಕಲಮಿನ ಪ್ರಕಾರ ಒಳಗೆ ಹೋದಿರಿ?"

"ಅವರು ಕರೆದರು, ಹೋದೆ."

ನೀತಿ: ಇನ್ನೊಬ್ಬರ ಮನೆಯೊಳಗೆ ಹೋಗುವ ಹಕ್ಕನ್ನು ಕಾಗದದಲ್ಲಿ ಬರೆಸಿಕೊಳ್ಳಬಹುದು. ಆದರೆ ಅವರೇ ಬಾಗಿಲು ತೆರೆದು 'ಬನ್ನಿ' ಎನ್ನಬೇಕಾದರೆ, ಮೊದಲು ಅವರ ಭಯವನ್ನು ಗೌರವಿಸಿ ಹೊಸ್ತಿಲಲ್ಲೇ ನಿಲ್ಲಲು ಕಲಿಯಬೇಕು.