ಮೌನಿಯ ಮೊದಲ ಮಾತು

ಅಡವಯ್ಯಜ್ಜನವರ ಮಠದಲ್ಲಿ ಒಂದು ಪದ್ಧತಿ ಇತ್ತು. ದೀಕ್ಷೆ ಬೇಡುವ ಶಿಷ್ಯ ಒಂದು ಅಮಾವಾಸ್ಯೆಯಿಂದ ಮುಂದಿನ ಅಮಾವಾಸ್ಯೆಯವರೆಗೆ ಮೌನವಾಗಿರಬೇಕು. ಕೊನೆಯ ದಿನ ಸಂಜೆ, ಹಿರಿಯ ಗುರುವಿನ ಗದ್ದಿಗೆಯ ಮುಂದೆ ದೀಪ ಹಚ್ಚಿದ ಮೇಲೆ ಬಾಯಿ ತೆರೆಯಬೇಕು. ಆ ಮೊದಲ ಮಾತು ಕೇಳಿ, ದೀಕ್ಷೆ ಕೊಡುವುದೋ ಬಿಡುವುದೋ ಎಂದು ಅಜ್ಜನವರು ತೀರ್ಮಾನಿಸುತ್ತಿದ್ದರು.

ಶಿಷ್ಯ ಸಂಗನಬಸು ಅಂಥ ಮಾತೊಂದನ್ನು ತಿಂಗಳಿಡೀ ಮನಸ್ಸಿನಲ್ಲೇ ಕಡೆದು ಇಟ್ಟುಕೊಂಡಿದ್ದ. ಬಯಲು, ಬೆಳಕು, ಬೀಜ ಎಲ್ಲವೂ ಅದರಲ್ಲಿದ್ದವು. ಕೇಳಿದವರು ತಲೆದೂಗಲೇಬೇಕು, ಅಂಥ ಮಾತು.

ಗದ್ದಿಗೆ ಇದ್ದದ್ದು ದೂರದ ಊರಿನಲ್ಲಿ. ಕೊನೆಯ ದಿನ ಬೆಳಿಗ್ಗೆ ಗುರು ಶಿಷ್ಯರಿಬ್ಬರೂ ಮಠದ ಹಳೆಯ ಕಾರಿನಲ್ಲಿ ಹೊರಟರು. ಕಾರು ನಡೆಸುತ್ತಿದ್ದವನು ಸಂಗನಬಸುವೇ. ಮಠಕ್ಕೆ ಬರುವ ಮೊದಲು ಅವನು ಲಾರಿಯಲ್ಲಿ ಕ್ಲೀನರ್ ಆಗಿದ್ದ.

ಅರ್ಧ ದಾರಿಯಲ್ಲಿ ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮೇಲೇರತೊಡಗಿತು. ಸಂಗನಬಸು ಅದನ್ನು ನೋಡಿದ. ಕಾರು ನಿಲ್ಲಿಸಿದರೆ ಅಜ್ಜನವರು ಯಾಕೆ ಅನ್ನುತ್ತಾರೆ. ಕೇಳಿದರೆ ಬಾಯಿ ಬಿಡಬೇಕಾಗುತ್ತದೆ. ಅವನು ಮುಳ್ಳಿನ ಕಡೆ ನೋಡುವುದನ್ನೇ ಬಿಟ್ಟ.

ಹೊಳೆಯ ದಂಡೆಗೆ ಬರುವಷ್ಟರಲ್ಲಿ ಕಾರು ಬುಸ್ಸೆಂದು ಹಬೆ ಉಗುಳಿ ನಿಂತಿತು. ಬಾನೆಟ್ ಎತ್ತಿದರೆ ರೇಡಿಯೇಟರ್ ಬಿರುಕು ಬಿಟ್ಟಿದೆ, ನೀರು ತೊಟ್ಟಿಕ್ಕುತ್ತಿದೆ.

"ಮೊದಲ ಗೊತ್ತಾಗಲಿಲ್ಲೇನೋ?" ಅಜ್ಜನವರು ಕೇಳಿದರು.

ಗೊತ್ತಾಗಿತ್ತು ಎಂದು ಸಂಗನಬಸು ತಲೆ ಆಡಿಸಿದ. ಆಮೇಲೆ ತುಟಿಯ ಮೇಲೆ ಬೆರಳಿಟ್ಟು ತೋರಿಸಿದ.

"ಭೇಷ್!" ಅಂದರು ಅಜ್ಜನವರು. "ವ್ರತ ನಿಂದು, ಎದಿ ಒಡದದ್ದು ಕಾರಿಂದು."

ಸಂಗನಬಸುವಿಗೆ ನಾಚಿಕೆಯಾಯಿತು. ರೇಡಿಯೇಟರಿಗೆ ಅರಿಶಿನ ಪುಡಿ ಹಾಕಿದರೆ ಸಣ್ಣ ಬಿರುಕು ಮುಚ್ಚಿಕೊಳ್ಳುತ್ತದೆಂದು ಲಾರಿಯ ದಿನಗಳಿಂದ ಅವನಿಗೆ ಗೊತ್ತಿತ್ತು. ಹೊಳೆಯಲ್ಲಿ ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ನೀವೇ ಹೋಗಿ ಕೇಳಿ ಎಂದು ಗುರುವಿಗೆ ಕೈಮುಗಿದು ಸನ್ನೆ ಮಾಡಿದ.

"ನಾ ಕಾರಿನ ವಿದ್ಯೆ ಕಲತಿಲ್ಲಪ್ಪ. ಏನ್ ಕೇಳಬೇಕಂತ ನನಗೇನ್ ಗೊತ್ತು?"

ಸಂಗನಬಸು ಕಾರಿನಲ್ಲಿದ್ದ ಕೊಡ ಹಿಡಿದು ತಾನೇ ಹೊಳೆಗೆ ಇಳಿದು ಹೋದ. ಹೆಂಗಸರ ಎದುರು ನಿಂತು ಕಾರಿನ ಕಡೆ ಕೈ ತೋರಿಸಿದ. ಆಮೇಲೆ ಅರಿಶಿನ ಹಚ್ಚುವಂತೆ ಎರಡೂ ಕೆನ್ನೆ ತಿಕ್ಕಿಕೊಂಡ.

ತಂಗೆವ್ವ ಎಂಬಾಕೆ ಹಿಂಡುತ್ತಿದ್ದ ಸೀರೆ ಬಿಟ್ಟು ನಕ್ಕಳು. "ನೋಡ್ರೇ, ಸ್ವಾಮಿಗೆ ಮದಿವಿ ಆಸೆ ಆಗೈತಿ! ಹೆಣ್ಣು ಎಲ್ಲಿಂದ ತರೂಣು?"

ಹೊಳೆಗೆ ಹೊಳೆಯೇ ನಕ್ಕಿತು. ಸಂಗನಬಸು ಕೊಡದಲ್ಲಿ ನೀರು ತುಂಬಿಕೊಂಡು ತಲೆ ತಗ್ಗಿಸಿ ದಂಡೆ ಹತ್ತಿದ.

ಹತ್ತಿ ನೋಡಿದರೆ, ಅಜ್ಜನವರು ಬಾನೆಟ್ಟಿನೊಳಗೆ ಬಗ್ಗಿದ್ದಾರೆ. ಶಾಲಿನ ಸೆರಗು ಸುತ್ತಿದ ಕೈ ರೇಡಿಯೇಟರಿನ ಮುಚ್ಚಳದ ಮೇಲಿದೆ. ಒಳಗೆ ನೀರಿನ್ನೂ ಕುದಿಯುತ್ತಿದೆ.

ಕೊಡ ಕೈಯಿಂದ ಜಾರಿ ಬಿತ್ತು.

"ಅಜ್ಜಾರ, ಕೈ ತಗೀರಿ! ಸುಡತೈತಿ!"

ಅಜ್ಜನವರು ಕೈ ತೆಗೆದರು. ಸಂಗನಬಸು ಓಡಿ ಬಂದು ಆ ಕೈ ಹಿಡಿದು, ತಿರುಗಿಸಿ ಮುರುಗಿಸಿ ನೋಡಿದ. ಏನೂ ಆಗಿರಲಿಲ್ಲ. ತನ್ನ ಬಾಯಿಂದ ಏನು ಹೊರಬಿತ್ತು ಎಂಬುದು ಅವನಿಗೆ ಹೊಳೆದದ್ದು ಆಗಲೇ. ಅಲ್ಲೇ ಮಣ್ಣಿನಲ್ಲಿ ಕೂತು ಅತ್ತುಬಿಟ್ಟ.

"ಹೋತ್ರಿ ಅಜ್ಜಾರ. ಒಂದ್ ತಿಂಗಳಿನ ಮೌನ ಎಲ್ಲಾ ಹೋತು."

"ಹೋದದ್ದು ಹೋತು. ಹೆಂಗೂ ಬಾಯಿ ಬಂದೈತಿ. ಹೋಗಿ ಏನ್ ಬೇಕೋ ಕೇಳಕೊಂಡು ಬಾ."

ಹೋಗಿ ಕೇಳಿದ.

"ಅರಿಶಿನ ಪುಡಿ ಬೇಕಿತ್ತೇನು?" ಅಂದಳು ತಂಗೆವ್ವ. "ಅಷ್ಟು ಹೇಳಾಕ ಅಷ್ಟು ಕುಣದ್ಯಲ್ಲೋ!"

ಅವಳ ಮನೆ ದಂಡೆಯ ಮೇಲೆಯೇ ಇತ್ತು. ಅರಿಶಿನದ ಜೊತೆಗೆ ರೊಟ್ಟಿ, ಶೇಂಗಾ ಚಟ್ನಿಯನ್ನೂ ಕಟ್ಟಿಕೊಟ್ಟಳು. ಎಂಜಿನ್ ಆರುವ ತನಕ ಗುರು ಶಿಷ್ಯರು ಬೇವಿನ ನೆರಳಲ್ಲಿ ಕೂತು ಉಂಡರು. ಅತ್ತ ಮೇಲೆ ಹಸಿವು ಹೆಚ್ಚು. ಸಂಗನಬಸು ಒಂದು ರೊಟ್ಟಿ ಜಾಸ್ತಿಯೇ ತಿಂದ.

"ಬಿಸಿ ಇದ್ದಾಗ ಮುಚ್ಚಳ ಮುಟ್ಟಬಾರದು ಅಂತ ಯಾರು ಕಲಿಸಿದ್ರು?" ಅಜ್ಜನವರು ಕೇಳಿದರು.

"ಲಾರಿ ಉಸ್ತಾದ್ರು ರೀ. ದಸ್ತಗೀರ ಸಾಹೇಬ್ರು. ಅವರ ಮಕ ಹಂಗ ಸುಟ್ಟಿತ್ತು."

"ಗದ್ದಿಗಿ ಮುಂದ ಅವರನ್ನೂ ನೆನಸು."

ಎಂಜಿನ್ ಆರಿತು. ಸಂಗನಬಸು ಮುಚ್ಚಳ ತೆಗೆದು, ಅರಿಶಿನ ಕಲಸಿದ ನೀರು ಹೊಯ್ದ. ತೊಟ್ಟಿಕ್ಕುವುದು ನಿಧಾನವಾಯಿತು, ಆಮೇಲೆ ನಿಂತೇಹೋಯಿತು. ಕೊಡದಲ್ಲಿ ನೀರಿಟ್ಟುಕೊಂಡು, ಅಲ್ಲಲ್ಲಿ ನಿಲ್ಲಿಸಿ, ಮುಳ್ಳು ಏರಿದಾಗೆಲ್ಲ "ಏರಾಕತ್ತೈತ್ರಿ ಅಜ್ಜಾರ" ಎಂದು ಹೇಳುತ್ತಾ ಹೊರಟ. ಊರು ಮುಟ್ಟಿದಾಗ ಗದ್ದಿಗೆಯ ಮುಂದೆ ದೀಪ ಹಚ್ಚುತ್ತಿದ್ದರು.

ಗದ್ದಿಗೆಯ ಪೂಜಾರಿ ರಾಚಯ್ಯ ಸಂಗನಬಸುವನ್ನು ಮುಂದೆ ಕರೆದ. "ಮೌನ ಮುಗೀತಪ್ಪ. ಮೊದಲನೇ ಮಾತು ಆಡು."

ನೆರೆದ ಭಕ್ತರು ಕಿವಿ ನಿಮಿರಿಸಿದರು. ಸಂಗನಬಸುವಿನ ಕೈ ಮುಂಗೈವರೆಗೂ ಹಳದಿಯಾಗಿತ್ತು, ಬೆನ್ನ ಹಿಂದೆ ಅಡಗಿಸಿಕೊಂಡಿದ್ದ. ತಿಂಗಳಿಡೀ ಕಡೆದಿಟ್ಟ ಮಾತು ಒಂದಕ್ಷರವೂ ಸವೆಯದೆ ನಾಲಿಗೆಯ ತುದಿಯಲ್ಲಿತ್ತು. ಅದನ್ನು ಆಡಲು ಮನಸ್ಸಾಗಲಿಲ್ಲ.

"ಮೊದಲನೇ ಮಾತು ಉಳದಿಲ್ಲರಿ," ಅಂದ. "ದಾರ್ಯಾಗ ಚೀರಿಬಿಟ್ಟೆ. ಮುಂದಿನ ಅಮಾಸಿಗೆ ಮತ್ತ ಬರತೇನಿ."

ಗುಂಪಿನಲ್ಲಿ ಗುಸುಗುಸು ಎದ್ದಿತು. ರಾಚಯ್ಯ ಅಜ್ಜನವರ ಮುಖ ನೋಡಿದ.

ಅಜ್ಜನವರು ದೀಪದ ಬೆಳಕಿನಲ್ಲಿ ತಮ್ಮ ಬಲಗೈಯನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದರು.

"ರಾಚಯ್ಯ, ವಿಭೂತಿ ತಗೊಂಡು ಬಾ. ಇವನ ಮೊದಲನೇ ಮಾತು ನಾ ಕೇಳೀನಿ."