ಏರಿಯ ಮೇಲೆ ಮಲಗಿಸಿದ ಕೋಲು

"ಗುರುಗಳೇ, ಅಜ್ಜ ಮುತ್ತಜ್ಜರ ಕಾಲದಿಂದ ನಡೆದುಬಂದ ಕಟ್ಟಳೆಯೊಂದು ಒಂದೇ ದಿನದಲ್ಲಿ ಬಿದ್ದುಹೋಗುವುದುಂಟೇ?" ಎಂದು ಶಿಷ್ಯ ಕೇಳಿದ.

ಗುರುಗಳು ದೀಪಕ್ಕೆ ಬತ್ತಿ ಹೊಸೆಯುತ್ತಿದ್ದರು. "ಒಂದು ದಿನ ಯಾಕಪ್ಪ ಬೇಕು, ಒಂದು ಗಳಿಗೆ ಸಾಕು. ಕೂತುಕೋ. ನಡುವೆ ಬಾಯಿ ಹಾಕಬೇಡ," ಎಂದು ಹೇಳತೊಡಗಿದರು.

ಒಂದೂರು. ಊರಿಗೊಂದು ಕೆರೆ, ಕೆರೆಗೊಂದೇ ತೂಬು. ಆ ತೂಬು ಎತ್ತುವುದಕ್ಕೆ ಆಳುದ್ದದ ಒಂದು ಕೋಲು. ಕೋಲು ಯಾರ ಕೈಯಲ್ಲಿದೆಯೋ ನೀರು ಅವನ ಕೈಯಲ್ಲಿ. ನೀರು ಅವನ ಕೈಯಲ್ಲಿದ್ದ ಮೇಲೆ ಊರು ಇನ್ನೆಲ್ಲಿರುತ್ತದೆ? ಅದಕ್ಕೇ ಹಿರಿಯರು ಒಂದು ಕಟ್ಟಳೆ ಮಾಡಿದ್ದರು. ವರ್ಷಕ್ಕೊಬ್ಬ ನೀರಗಂಟಿ. ಅವನು ಸರದಿ ತಪ್ಪದೆ ಗದ್ದೆಗಳಿಗೆ ನೀರು ಬಿಡಬೇಕು, ಕೆರೆಯಿಂದ ಎಲ್ಲಕ್ಕಿಂತ ದೂರದ ಗದ್ದೆಗೆ ಮೊದಲು. ವರ್ಷ ತುಂಬಿದ ದಿನ ಬೆಳಗ್ಗೆ ಕೋಲನ್ನು ಏರಿಯ ಮೇಲೆ ಮಲಗಿಸಿ ಏಳು ಹೆಜ್ಜೆ ಹಿಂದೆ ಸರಿಯಬೇಕು. ಊರವರು ಬಂದು ತಮಗೆ ಬೇಕಾದವನ ಗಡಿಗೆಗೆ ಒಂದೊಂದು ಹುಣಸೆಬೀಜ ಹಾಕುತ್ತಾರೆ. ಸಂಜೆ ಬೀಜ ಎಣಿಸಿ, ಗೆದ್ದವನಿಗೆ ಕೋಲು ಕೊಡುತ್ತಾರೆ.

ಅಲ್ಲಿಯವರೆಗೆ ಕೋಲು ನೆಲದ ಮೇಲೆ. ಕಾವಲಿಲ್ಲ. ಮಕ್ಕಳು ಅದನ್ನು ದಾಟಿ ಕುಂಟಾಟ ಆಡುತ್ತಿದ್ದವು. ಆಡುಗಳು ಪಕ್ಕದಲ್ಲೇ ಮೇಯುತ್ತಿದ್ದವು. ನೀರಿಗಾಗಿ ತಲೆ ಒಡೆದುಕೊಂಡ ಅಣ್ಣತಮ್ಮಂದಿರೂ ಅಲ್ಲೇ ಕೂತು ಎಲೆಅಡಿಕೆ ಹಾಕಿಕೊಂಡು ಎದ್ದುಹೋಗುತ್ತಿದ್ದರು. ಒಬ್ಬನೂ ಮುಟ್ಟುತ್ತಿರಲಿಲ್ಲ.

ಕಟ್ಟಳೆ ಬಿದ್ದ ವರ್ಷದ ನೀರಗಂಟಿ ಮೂಡ್ಲಪ್ಪ ಎಂಬ ಮುದುಕ. ಅವನಿಗೆ ಸ್ವಂತ ಗದ್ದೆಯಿಲ್ಲ. ಆದರೆ ಊರಿನ ಕಟ್ಟಕಡೆಯ ಗದ್ದೆ ಅವನ ತಂಗಿ ತಿಪ್ಪಕ್ಕನದು. ಗಂಡ ಸತ್ತ ಮೇಲೆ ಅವಳ ಬದುಕೆಲ್ಲ ಅದೇ ಗದ್ದೆ.

ವರ್ಷ ತುಂಬಿದ ದಿನ, ಮತ್ತೆ ನಿಂತ ಮೂಡ್ಲಪ್ಪನ ಗಡಿಗೆಯ ಪಕ್ಕದಲ್ಲಿ ಒಬ್ಬ ರೈತ ತನ್ನ ಗಡಿಗೆ ಇಟ್ಟ. ಕೆಟ್ಟವನೇನಲ್ಲ. ಸಾವಿನ ಮನೆಗೆ ಮೊದಲು ಬರುವವನು, ಮದುವೆ ಮನೆಯಿಂದ ಕೊನೆಗೆ ಹೋಗುವವನು. ಮಾತೋ, ಬರೀ ಬೆಲ್ಲ. "ಕೆರೆ ನಿಮ್ಮದು, ನೀರು ನಿಮ್ಮದು, ನಿಮಗೆಂಥ ಸರದಿ? ನಾನು ಬಂದರೆ ದಿನಾ ನೀರು, ಎಲ್ಲರಿಗೂ ನೀರು. ಈ ಮುದುಕ ಮೊದಲ ನೀರು ಯಾರಿಗೆ ಬಿಡುತ್ತಾನೆ ಗೊತ್ತೇನ್ರಪ್ಪಾ? ತನ್ನ ತಂಗಿಗೆ!" ಎನ್ನುತ್ತಿದ್ದ. ಸುಳ್ಳೆನ್ನುವ ಹಾಗೂ ಇರಲಿಲ್ಲ.

ನಡುಮಧ್ಯಾಹ್ನ. ಗಡಿಗೆಗಳು ಇನ್ನೂ ಅರ್ಧ ತುಂಬಿರಲಿಲ್ಲ. ಆ ರೈತ ಜನರನ್ನು ಕಟ್ಟಿಕೊಂಡು ಏರಿ ಹತ್ತಿದ. "ಇಷ್ಟು ಜನ ಕಣ್ಣೆದುರಿಗೇ ಇರುವಾಗ ಬೀಜ ಯಾಕೆ ಎಣಿಸಬೇಕು?" ಎಂದವನೇ ಬಗ್ಗಿ ಕೋಲು ಎತ್ತಿದ.

ಎಲ್ಲರೂ ಅವನ ಕೈ ನೋಡಿದರು. ಕೆಲವರು ಆಕಾಶ ನೋಡಿದರು. ಕೈ ಸೇದಿಹೋಗಲಿಲ್ಲ, ಸಿಡಿಲು ಬೀಳಲಿಲ್ಲ. ಆಡೊಂದು ತಲೆಯೆತ್ತಿ ನೋಡಿ ಮತ್ತೆ ಮೇಯತೊಡಗಿತು. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಊರಿಗೆ ಊರೇ ಕೇಕೆ ಹಾಕಿತು.

ಮೂಡ್ಲಪ್ಪ ಊರ ಹಿರಿಯರ ಹತ್ತಿರ ಓಡಿದ. "ಕೋಲು ಎತ್ತಿದವನಿಗೆ ಏನು ಶಿಕ್ಷೆ, ಬೇಗ ಹೇಳಿ."

ಅವರಲ್ಲಿ ಎಲ್ಲರಿಗಿಂತ ಹಿರಿಯ ಹೇಳಿದ, "ಗೊತ್ತಿಲ್ಲವೋ ಮೂಡ್ಲ. ಇದುವರೆಗೆ ಯಾರೂ ಎತ್ತಿರಲಿಲ್ಲವಲ್ಲ."

ಮೂಡ್ಲಪ್ಪ ತಿರುಗಿ ಬಂದು ಕೋಲು ಇದ್ದ ಜಾಗ ನೋಡಿದ. ಅದರಡಿಯಲ್ಲಿ ಕೋಲನ್ನು ಕಾಯುವ ಏನೋ ಇದೆ ಎಂದು ಅವನು ಹುಟ್ಟಿದಾಗಿನಿಂದ ನಂಬಿದ್ದ. ಇದ್ದದ್ದು ಬರೀ ಮಣ್ಣು.

ಒಂದು ತಿಂಗಳು ನೀರೋ ನೀರು. ದಿನಾ ತೂಬು ಎತ್ತಿದ್ದೇ ಎತ್ತಿದ್ದು. ಕೆರೆಯ ಹತ್ತಿರದ ಗದ್ದೆಗಳು ಕುಡಿದವು, ಮತ್ತೆ ಕುಡಿದವು, ಕೊನೆಯ ಗದ್ದೆಗೆ ಒಂದು ಹನಿ ತಲುಪಲಿಲ್ಲ. ತಿಪ್ಪಕ್ಕ ಹೋಗಿ ಕೇಳಿದಳು. "ಊರೇ ಸುಖವಾಗಿರುವಾಗ ನಿನ್ನೊಬ್ಬಳದೇನಮ್ಮ ಗೋಳು?" ಎಂದ ರೈತ. ಜನ ನಕ್ಕರು. ಅವಳ ಪೈರು ನಿಂತಲ್ಲೇ ಒಣಗಿತು. ವರ್ಷ ತುಂಬಿದರೂ ಅವನು ಕೋಲು ಕೆಳಗಿಡಲಿಲ್ಲ. ಕೆರೆ ಬರಿದಾಗಿ ಮರುವರ್ಷ ಒಣಗಿದ್ದು, ಅಂದು ನಕ್ಕವರ ಪೈರು.

ಮೂರನೆಯ ವರ್ಷ, ಕೇಕೆ ಹಾಕಿದ ಜನವೇ ನುಗ್ಗಿ ಅವನಿಂದ ಕೋಲು ಕಿತ್ತುಕೊಂಡಿತು. ಮೂಡ್ಲಪ್ಪನ ಮುಂದೆ ತಂದಿಟ್ಟು, "ತಪ್ಪಾಯಿತು ಅಜ್ಜ. ಎಲ್ಲ ಮೊದಲಿನ ಹಾಗೆ ಮಾಡಿಕೊಡು," ಎಂದು ಬೇಡಿದರು.

ಅವನು ಅದೇ ಕೋಲನ್ನು ಅದೇ ಜಾಗದಲ್ಲಿ ಮಲಗಿಸಿದ. ಏಳು ಹೆಜ್ಜೆ ಹಿಂದೆ ಸರಿದ. ಗಡಿಗೆಗಳು ಬಂದವು. ಎಲ್ಲರ ಕೈಯಲ್ಲೂ ಹುಣಸೆಬೀಜ. ಒಬ್ಬನೂ ಕದಲಲಿಲ್ಲ. ಗಡಿಗೆಯ ಹತ್ತಿರ ಹೋಗಬೇಕಾದರೆ ಕೋಲಿನ ಮೇಲಿನ ಕಣ್ಣು ತೆಗೆಯಬೇಕಲ್ಲ! ತಾಯಂದಿರು ಮಕ್ಕಳನ್ನು ಹಿಂದಕ್ಕೆಳೆದುಕೊಂಡರು. ಯಾವನೋ ಅರ್ಧ ಹೆಜ್ಜೆ ಮುಂದಿಟ್ಟ. ಉಳಿದವರೆಲ್ಲ ಒಂದೊಂದು ಹೆಜ್ಜೆ ಮುಂದಿಟ್ಟರು.

ತಿಪ್ಪಕ್ಕ ಪಿಸುಗುಟ್ಟಿದಳು. "ಅಣ್ಣಾ, ಬೇರೆಯವರು ಎತ್ತುವ ಮೊದಲು ನೀನೇ ಎತ್ತಿಕೋ. ನಿನ್ನ ಕೈಯಲ್ಲಿದ್ದರೆ ನನ್ನ ಗದ್ದೆ ಉಳಿದೀತು."

ಮೂಡ್ಲಪ್ಪ ಬೇಡವೆನ್ನಲು ಬಾಯಿ ತೆರೆದ. ಆಗಲೇ ಕೆಳಗೆ ನೋಡಿದ. ಅವನ ಬಲಗೈ ತಾನಾಗಿಯೇ ಮುಂದೆ ಚಾಚಿತ್ತು. ಹೆದರಿ, ಎಡಗೈಯಿಂದ ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ಅಲ್ಲೇ ಕುಸಿದು ಕೂತ.

ಗುರುಗಳು ಕತೆ ನಿಲ್ಲಿಸಿ ಮತ್ತೆ ಬತ್ತಿ ಹೊಸೆಯತೊಡಗಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಒಬ್ಬ ಒಂದು ಸಲ ಎತ್ತಿದ್ದಕ್ಕೆ ಎಲ್ಲ ಬಿದ್ದೇಹೋಯಿತೇ? ಎಂಥ ಸೋಜಿಗ, ಗುರುಗಳೇ!"

"ಬಿದ್ದದ್ದರಲ್ಲಿ ಏನು ಸೋಜಿಗವೋ ಪೆದ್ದ, ಇಂಥ ಕೈಗಳೇ ಅಷ್ಟು ಕಾಲ ಚಾಚದೆ ಇದ್ದವಲ್ಲ, ಅದಕ್ಕೆ ಕೈಮುಗಿ."